ಮನೆ ಕಾರು ಟ್ರ್ಯಾಕಿಗೆ ಹೋಗಿ ಬಂದದ್ದು

ಈ ಸಲ ಶೇಂಗಾ ಸುದ್ದಿ ಇಲ್ಲ, ಹುಣಸೆ ಸುದ್ದಿನೂ ಇಲ್ಲ. ಕಾರಿನ ಸುದ್ದಿ. ಊರಾಗೆ ಸಿಕ್ಕೋರೆಲ್ಲ ಒಂದೇ ಮಾತು ಕೇಳ್ತಿದಾರೆ: "ನಿಮ್ಮ ಅಣ್ಣನ ಮಗ ಮದ್ರಾಸಿಗೆ ಹೋಗಿ ಕಾರ್ ರೇಸ್ ಹೊಡೆದ್ನಂತೆ, ಎಷ್ಟನೇ ನಂಬರ್ ಬಂದ?" ನಂಬರ್ ಬರೋಕೆ ಅದು ರೇಸ್ ಅಲ್ಲ ಅಂತ ಹೇಳಿ ಹೇಳಿ ಸಾಕಾಗೈತೆ. ಅದಕ್ಕೆ ಎಲ್ಲಾ ಇಲ್ಲೇ ಬರೆದುಬಿಡ್ತೀನಿ. ಉದ್ದ ಆಗ್ತದೆ, ಪುರುಸೊತ್ತು ಇದ್ದಾಗ ಓದಿ. ಕಾರಿರೋರಿಗೆ, ಟ್ರ್ಯಾಕ್ಟರ್ ಇರೋರಿಗೆ, ಗಾಡಿ ಜೋರು ಓಡಿಸೋ ಮಗ ಇರೋರಿಗೆ ಉಪಯೋಗಕ್ಕೆ ಬಂದೀತು.

ಟ್ರ್ಯಾಕ್ ಡೇ ಅಂದ್ರೆ ಇಷ್ಟು. ರೇಸ್ ನಡೆಸೋಕೆ ಅಂತಾನೇ ಕಟ್ಟಿದ ರಸ್ತೆ ಇರ್ತದಲ್ಲ, ಅದನ್ನ ಒಂದು ದಿನಕ್ಕೆ ಬಾಡಿಗೆ ಹಿಡಿದು, ನಮ್ಮ ನಿಮ್ಮಂಥೋರ ದಿನಬಳಕೆ ಕಾರುಗಳನ್ನ ಅಲ್ಲಿ ಓಡಿಸೋಕೆ ಬಿಡ್ತಾರೆ. ಶುಲ್ಕ ಕಟ್ಟಬೇಕು, ಲೈಸೆನ್ಸ್ ತೋರಿಸಬೇಕು, ಹೆಲ್ಮೆಟ್ ಹಾಕಬೇಕು. ಪೈಪೋಟಿ ಇಲ್ಲ, ಬಹುಮಾನ ಇಲ್ಲ. ಕಾರುಗಳನ್ನ ಗುಂಪು ಮಾಡಿ ಒಂದೊಂದು ಗುಂಪಿಗೆ 15–20 ನಿಮಿಷದ ಸರದಿ ಕೊಡ್ತಾರೆ. ನೇರ ದಾರಿಯಲ್ಲಿ ಮಾತ್ರ ಇನ್ನೊಬ್ಬರನ್ನ ದಾಟಬೇಕು, ಅದೂ ಮುಂದಿನವನು ಕೈ ಮಾಡಿ ದಾರಿ ಕೊಟ್ಟ ಮೇಲೆ. ಎದುರಿಗೆ ಬರೋ ಲಾರಿ ಇಲ್ಲ, ಅಡ್ಡ ನುಗ್ಗೋ ಕುರಿ ಇಲ್ಲ. ತಿರುವಿನಾಗೆ ಕಾರು ಜಾರಿದ್ರೆ ಪಕ್ಕದಾಗೆ ಖಾಲಿ ಜಾಗ ಬಿಟ್ಟಿರ್ತಾರೆ, ಆಂಬುಲೆನ್ಸ್ ಅಲ್ಲೇ ನಿಂತಿರ್ತದೆ.

ನಮ್ಮ ಹುಡುಗ ಹೋದದ್ದು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಗೆ. ಬೆಂಗಳೂರಿಂದ ಚೆನ್ನೈ ಹೆದ್ದಾರಿ ಹಿಡಿದು ಹೋದ್ರೆ ಶ್ರೀಪೆರಂಬದೂರು ದಾಟಿದ ಮೇಲೆ ಸಿಗ್ತದೆ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರದ್ದು, 1990ರಿಂದ ನಡೀತಾ ಐತೆ, ಒಂದು ಸುತ್ತಿಗೆ 3.7 ಕಿ.ಮೀ. ಅದಕ್ಕೂ ಮುಂಚೆ ಶೋಳವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನ ಇಳಿಯೋ ಪಟ್ಟಿ ಮೇಲೆ ರೇಸ್ ನಡೀತಿದ್ವು. ಕೊಯಮತ್ತೂರಿನಾಗೆ ಇನ್ನೊಂದು ಐತೆ, ಕರಿ ಮೋಟಾರ್ ಸ್ಪೀಡ್‌ವೇ. ಎಸ್. ಕರಿವರ್ಧನ್ ಅನ್ನೋರ ಹೆಸರು ಅದಕ್ಕೆ. 1980ರ ದಶಕದ ಕೊನೆಗೆ ಮಾರುತಿ 800ರ ಎಂಜಿನ್ ತಗೊಂಡು ಒಂಟಿ ಸೀಟಿನ ರೇಸ್ ಕಾರು ಕಟ್ಟಿದ ಮನುಷ್ಯ. ಫಾರ್ಮುಲಾ ಮಾರುತಿ ಅಂತ ಆ ಕಾರಿಗೆ ಹೆಸರು. ಅದೇ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯ. ಹಾಲು ತರೋಕೆ, ಮಕ್ಕಳನ್ನ ಶಾಲೆಗೆ ಬಿಡೋಕೆ ಬಳಸ್ತಿದ್ದ ಕಾರಿನ ಎಂಜಿನ್ನೇ ಈ ದೇಶದ ಹುಡುಗರಿಗೆ ರೇಸ್ ಕಲಿಸ್ತು ಅನ್ನೋದು ನನಗೆ ಬಾಳ ಹಿಡಿಸಿದ ಸಂಗತಿ.

ಇನ್ನು ಮನೆ ಸಂಗತಿಗೆ ಬರ್ತೀನಿ. ಹುಡುಗನಿಗೆ 26 ವರ್ಷ, ಬೆಂಗಳೂರಾಗೆ ಕೆಲಸ. ಕಾರು ಅವನ ಹೆಸರಿನಾಗೆ ಐತೆ, ಆದ್ರೆ ಅದು ಮನೆ ಕಾರು. ಸಣ್ಣ ಪೆಟ್ರೋಲ್ ಕಾರು, ಐದು ವರ್ಷದ್ದು, ಕಂತು ಇನ್ನೂ ಬಾಕಿ ಐತೆ. ತಿಂಗಳಿಗೆ ಎರಡು ಸಲ ಊರಿಗೆ ಬರ್ತಾನೆ. ಅವ್ವನ ಕಣ್ಣು ತೋರಿಸೋದು ಬಳ್ಳಾರಿಯಾಗೆ, ತಪ್ಪಿಸೋ ಹಂಗಿಲ್ಲ. ಎರಡು ಬಸ್ಸು ಬದಲಾಯಿಸಿ ಹೋಗೋ ಶಕ್ತಿ ಅವ್ವನಿಗೆ ಈಗ ಇಲ್ಲ. ಅತ್ತಿಗೆಯ ತವರು, ನಮ್ಮ ಬೀಜ, ಔಷಧಿ, ಎಲ್ಲದಕ್ಕೂ ಆ ಕಾರೇ. ಅದು ಒಂದು ವಾರ ಗ್ಯಾರೇಜಿನಾಗೆ ನಿಂತ್ರೆ ಮನೆಯಾಗೆ ಮೂರು ಜನದ ಕೆಲಸ ನಿಲ್ತದೆ.

ಹುಡುಗ ಜೋರು ಓಡಿಸ್ತಾನೆ. ಊರಿಗೇ ಗೊತ್ತಿರೋ ಮಾತು ಅದು. ಕೂಡ್ಲಿಗಿ ಮೇಲೆ ಹೋಗೋ 50ನೇ ಹೆದ್ದಾರಿ ನಾಲ್ಕು ಪಥ ಆದ ಮೇಲೆ ರಾತ್ರಿ ಹೊತ್ತು ಹುಡುಗರಿಗೆ ಅದೇ ಆಟದ ಬಯಲು. ಹೋದ ವರ್ಷ ಅವನ ಜೊತೆ ಓದಿದೋನು ಒಬ್ಬ ಹೆದ್ದಾರಿಯಾಗೆ ಹೋಗಿಬಿಟ್ಟ. ರಾತ್ರಿ ಮೆಕ್ಕೆಜೋಳ ತುಂಬಿದ ಟ್ರೇಲರ್ ಒಂದು ರಸ್ತೆ ಪಕ್ಕ ನಿಂತಿತ್ತು, ಹಿಂದೆ ಲೈಟು ಇರಲಿಲ್ಲ, ಇವನ ಬೈಕ್ ಹೋಗಿ ಅದಕ್ಕೆ ಹೊಡೀತು. ಹೆಸರು ಬೇಡ, ಅವರ ಮನೆಯೋರು ಈ ಪುಟ ಓದ್ತಾರೆ. ಮಣ್ಣಿಗೆ ಹೋಗಿ ಬಂದ ಮೇಲೆ ನಮ್ಮ ಹುಡುಗ ಒಂದು ತಿಂಗಳು ಮೆತ್ತಗೆ ಓಡಿಸಿದ. ಆಮೇಲೆ ಮತ್ತೆ ಶುರು. ಅಣ್ಣ ಬೈದು ನೋಡಿದ, ಅತ್ತಿಗೆ ಅತ್ತು ನೋಡಿದ್ರು.

ಹೆದ್ದಾರಿ ಬಿಟ್ಟು ನಮ್ಮೂರ ಕಡೆ ತಿರುಗಿದ್ರೆ ಇನ್ನೂ ಕಷ್ಟ. ಇಲ್ಲಿನ ಕಾಡು 2013ರಲ್ಲಿ ಕರಡಿಧಾಮ ಆಗಿ ಘೋಷಣೆ ಆಗೈತೆ. ಸಂಜೆ ಕತ್ತಲಾದ ಮೇಲೆ ಕರಡಿ ಬಂಡೆಯಿಂದ ಇಳಿದು ರಸ್ತೆ ದಾಟ್ತಾವೆ, ಒಂದೊಂದು ಸಲ ಬೆನ್ನ ಮೇಲೆ ಮರಿ ಹೊತ್ಕೊಂಡು. ಕುರಿ ಹಿಂಡು, ಬಂಡಿ, ರಸ್ತೆ ಮೇಲೇ ಒಣಗೋ ರಾಶಿ, ಎಲ್ಲಾ ಅದೇ ದಾರಿಯಾಗೆ. ಕಾನೂನೂ ಐತೆ. ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಅನುಮತಿ ಇಲ್ಲದೆ ಸಾರ್ವಜನಿಕ ಜಾಗದಾಗೆ ರೇಸ್ ಮಾಡಿದ್ರೆ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು, ಇಲ್ಲಾ 5,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಆದ್ರೆ ಕಾಯ್ದೆ ಓದಿ ಗಾಡಿ ನಿಧಾನ ಮಾಡಿದ ಹುಡುಗನ್ನ ನಾನಂತೂ ನೋಡಿಲ್ಲ.

ಟ್ರ್ಯಾಕಿನ ಮಾತು ತೆಗೆದದ್ದು ಅವನೇ. "ಚಿಕ್ಕಪ್ಪ, ಒಂದು ಸಲ ಹೋಗಿ ಬರ್ತೀನಿ. ಅಪ್ಪನಿಗೆ ನೀನೇ ಹೇಳಬೇಕು" ಅಂದ.

ಅಣ್ಣ ಕೇಳಿದ ತಕ್ಷಣ, "ರೊಕ್ಕ ಕೊಟ್ಟು ಸಾಯಾಕೆ ಹೋಗ್ತಾನಾ ಅವನು?" ಅಂದ.

"ಈಗ ಪುಗಸಟ್ಟೆ ಸಾಯೋ ಜಾಗದಾಗೆ ದಿನಾ ಓಡಿಸ್ತಾನಲ್ಲಣ್ಣ" ಅಂದೆ.

ಅಣ್ಣ ಒಂದು ದಿನ ಮಾತಾಡಲಿಲ್ಲ. ಮಾರನೇ ದಿನ ಎರಡು ಷರತ್ತು ಹಾಕಿದ. ನಾನೂ ಜೊತೆಗೆ ಹೋಗಬೇಕು. ಹೋದ ಕಾರು ಹೆಂಗೆ ಹೋತೋ ಹಂಗೇ ವಾಪಸ್ ಬರಬೇಕು, ಯಾಕಂದ್ರೆ ಶನಿವಾರ ಟ್ರ್ಯಾಕು, ಸೋಮವಾರ ಅವ್ವನ್ನ ಬಳ್ಳಾರಿಗೆ ಕರಕೊಂಡು ಹೋಗೋದೈತೆ.

ಎರಡನೇ ಷರತ್ತೇ ನಮಗೆ ದಾರಿ ತೋರಿಸ್ತು. ರೇಸಿನ ಕಾರನ್ನ ಲಾರಿ ಮೇಲೆ ಹೇರಿಕೊಂಡು ಬರ್ತಾರೆ, ಕೆಟ್ಟರೆ ಹೇರಿಕೊಂಡೇ ಹೋಗ್ತಾರೆ. ನಮ್ಮದು ಹಂಗಲ್ಲ. ಊರಿಂದ 500 ಕಿ.ಮೀ. ಮೇಲೆ ಓಡಿಕೊಂಡು ಹೋಗಬೇಕು, ಅಲ್ಲಿ ದಿನವೆಲ್ಲಾ ದುಡಿಬೇಕು, ಮತ್ತೆ ಅಷ್ಟೇ ದೂರ ಓಡಿಕೊಂಡು ಬರಬೇಕು.

ಮೊದಲು ವಿಮೆ ಕಾಗದ ತೆಗೆದು ಓದಿದ್ವಿ. ನಮ್ಮ ದೇಶದ ಮಾಮೂಲಿ ಕಾರು ವಿಮೆಯಾಗೆ 'ಬಳಕೆಯ ಮಿತಿ' ಅಂತ ಒಂದು ಸಾಲು ಇರ್ತದೆ. ವ್ಯವಸ್ಥಿತ ರೇಸು, ವೇಗದ ಪರೀಕ್ಷೆ, ಇಂಥವಕ್ಕೆ ಬಳಸಿದಾಗ ಆದ ನಷ್ಟಕ್ಕೆ ವಿಮೆ ಇಲ್ಲ ಅಂತ ಅದರ ಅರ್ಥ. ನಮ್ಮದು ರೇಸಲ್ಲ ಅಂತ ವಾದ ಮಾಡಬಹುದು, ಆದ್ರೆ ಆ ವಾದ ನಂಬಿ ಹೋಗೋದು ಮುಗಿಲು ನೋಡಿ ಸಾಲ ಮಾಡಿದಂಗೆ. ಟ್ರ್ಯಾಕಿನೋರೂ 'ಏನಾದ್ರೂ ಆದ್ರೆ ನಾನೇ ಹೊಣೆ' ಅಂತ ಸಹಿ ಹಾಕಿಸಿಕೊಳ್ತಾರೆ. ಗೋಡೆಗೆ ಹೊಡೆದ್ರೆ ಕಾರೂ ಹೋಯ್ತು, ಕಂತೂ ಉಳೀತು. ಇದನ್ನ ಅಣ್ಣನ ಮುಂದೇನೇ ಅವನಿಗೆ ಓದಿ ಹೇಳಿದೆ. ಹುಡುಗ ಆ ಸಾಲನ್ನ ಎರಡು ಸಲ ಓದಿದ.

ಅವನು ಬೆಂಗಳೂರಿಂದ ಬರುವಾಗ ಫೋನಿನಾಗೆ ಒಂದು ಪಟ್ಟಿ ತಂದಿದ್ದ. ಸದ್ದು ಮಾಡೋ ಸೈಲೆನ್ಸರ್, ಎಂಜಿನ್ ಕಂಪ್ಯೂಟರಿನಾಗೆ ಸೆಟ್ಟಿಂಗ್ ಬದಲಾವಣೆ, ಕಾರು ತಗ್ಗು ಮಾಡೋ ಸ್ಪ್ರಿಂಗು, ಅಗಲ ಟಯರು. ಒಟ್ಟು ಲಕ್ಷ ದಾಟ್ತಿತ್ತು. ಬ್ರೇಕ್ ಅನ್ನೋ ಪದ ಪಟ್ಟಿಯಾಗೆ ಇರಲಿಲ್ಲ. ನಾನು ಒಕ್ಕಲುತನಕ್ಕೆ ಪೂರ್ತಿ ಇಳಿಯೋಕೆ ಮುಂಚೆ ಹೊಸಪೇಟೆಯ ಲಾರಿ ಗ್ಯಾರೇಜಿನಾಗೆ ಮೂರು ವರ್ಷ ಪಾನಾ ಹಿಡಿದೋನು, ಅದಿರು ಲಾರಿಗಳ ಕಾಲದಾಗೆ. ಪಟ್ಟಿ ಪೂರ್ತಿ ಹೊಡೆದು ಹಾಕಿಸಿದೆ. ಕಂಪನಿ ಮಾಡಿ ಕೊಟ್ಟ ಗಾಡಿಯ ರೂಪ ಬದಲಾಯಿಸೋದಕ್ಕೆ ಕಾಯ್ದೆಯ 52ನೇ ಕಲಂ ಅಡ್ಡ ಬರ್ತದೆ ಅನ್ನೋದು ಒಂದು. ಇರೋ ವೇಗವನ್ನೇ ನಿಲ್ಲಿಸೋಕೆ ಬರದ ಕಾರಿಗೆ ಇನ್ನಷ್ಟು ವೇಗ ಯಾಕೆ ಅನ್ನೋದು ಇನ್ನೊಂದು.

ಬ್ರೇಕಿನ ಲೆಕ್ಕ ಸ್ವಲ್ಪ ಕೇಳಿ, ಇದು ಎಲ್ಲಾ ಗಾಡಿಗೂ ಒಂದೇ. ಬ್ರೇಕ್ ಅನ್ನೋದು ಓಟವನ್ನ ಬಿಸಿ ಮಾಡಿ ಗಾಳಿಗೆ ಬಿಡೋ ಯಂತ್ರ. ಡ್ರೈವರ್ ಸೇರಿ 1,050 ಕೆ.ಜಿ. ತೂಗೋ ಸಣ್ಣ ಕಾರು ಗಂಟೆಗೆ 120 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಬೇಕಾದ್ರೆ ಹುಟ್ಟೋ ಶಾಖ ಎಷ್ಟು ಗೊತ್ತಾ? ಎರಡು ಲೀಟರ್ ತಣ್ಣೀರು ಕುದಿ ಬರುವಷ್ಟು. ಅದೇ ಕಾರು 60ರಾಗೆ ಇದ್ರೆ ಅರ್ಧ ಲೀಟರಿಗೆ ಸಾಕಾಗುವಷ್ಟು ಮಾತ್ರ. ವೇಗ ಎರಡು ಪಟ್ಟು ಆದ್ರೆ ಶಾಖ ನಾಲ್ಕು ಪಟ್ಟು. ರಸ್ತೆಯಾಗೆ ಇಂಥ ಬ್ರೇಕ್ ದಿನಕ್ಕೆ ಒಂದು ಸಲ ಹಾಕಿದ್ರೆ ಹೆಚ್ಚು. ಟ್ರ್ಯಾಕಿನಾಗೆ ಪ್ರತಿ ಸುತ್ತಿಗೆ ನಾಲ್ಕೈದು ಸಲ, ಆರೋ ಸಮಯ ಕೊಡದಂಗೆ. ಅದರಾಗೂ ಹೆಚ್ಚಿನ ಭಾಗ ಮುಂದಿನ ಎರಡು ಚಕ್ರದ ಮೇಲೆ ಬೀಳ್ತದೆ.

ಸಂಡೂರಿನ ಗುಡ್ಡ ಇಳಿಯೋ ಅದಿರು ಲಾರಿ ನೋಡಿದೋರಿಗೆ ಇದು ಗೊತ್ತು. ಅನುಭವ ಇರೋ ಡ್ರೈವರ್ ಸಣ್ಣ ಗೇರಿನಾಗೆ ಎಂಜಿನ್ ಹಿಡಿತದಲ್ಲಿ ಇಳಿಸ್ತಾನೆ. ಹೊಸಬ ಬ್ರೇಕ್ ಮೇಲೇ ಕಾಲಿಟ್ಟು ಇಳಿಸ್ತಾನೆ, ಅರ್ಧ ದಾರಿಗೆ ಲೈನಿಂಗ್ ಸುಟ್ಟ ವಾಸನೆ ಬರ್ತದೆ, ಆಮೇಲೆ ಎಷ್ಟು ತುಳಿದ್ರೂ ಲಾರಿ ಹಿಡಿಯಲ್ಲ.

ಕಾರಿನ ಬ್ರೇಕ್ ಕೈ ಕೊಡೋದು ಎರಡು ರೀತಿ, ಗುರುತು ಇಟ್ಕೊಳ್ಳಿ. ಪೆಡಲ್ ಗಟ್ಟಿ ಇದ್ದು ಕಾರು ಮಾತ್ರ ನಿಲ್ತಿಲ್ಲ ಅಂದ್ರೆ ಪ್ಯಾಡ್ ಕಾದು ಹಿಡಿತ ಕಳ್ಕೊಂಡೈತೆ ಅಂತ. ಪೆಡಲ್ಲೇ ಮೆತ್ತಗಾಗಿ ಕೆಳಗೆ ಇಳೀತಿದೆ ಅಂದ್ರೆ ಬ್ರೇಕ್ ಆಯಿಲ್ ಕುದ್ದು ಒಳಗೆ ಆವಿ ತುಂಬೈತೆ ಅಂತ. ಎರಡನೇದು ಬಾಳ ಕೆಟ್ಟದ್ದು, ಮುನ್ಸೂಚನೆ ಕಮ್ಮಿ.

ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವವನ್ನ ಹೀರ್ಕೊಳ್ತದೆ, ಗೋದಾಮಿನಾಗೆ ಇಟ್ಟ ಉಪ್ಪಿನಂಗೆ. ಡಬ್ಬಿ ಮೇಲೆ ಡಾಟ್ 3, ಡಾಟ್ 4 ಅಂತ ಬರೆದಿರ್ತಾರಲ್ಲ, ಅದು ಕುದಿಯೋ ಬಿಂದುವಿನ ದರ್ಜೆ. ಹೊಸ ಡಾಟ್ 3 ಕಮ್ಮಿ ಅಂದ್ರೆ 205 ಡಿಗ್ರಿವರೆಗೆ ತಡೀಬೇಕು, ತೇವ ಹೀರಿದ ಮೇಲೆ 140 ತಡೆದ್ರೆ ಸಾಕು ಅಂತ ನಿಯಮ. ಡಾಟ್ 4ಕ್ಕೆ ಅದೇ ಅಂಕಿ 230 ಮತ್ತು 155. ವ್ಯತ್ಯಾಸ ನೋಡಿ: ಹೊಸದು ಹಳೇದಾದ್ರೆ ಹೆಚ್ಚೂಕಮ್ಮಿ 70 ಡಿಗ್ರಿ ಶಕ್ತಿ ಹೋಗ್ತದೆ. ನಮ್ಮ ಕಾರಿನಾಗೆ ಕಂಪನಿಯಿಂದ ಬಂದಾಗಿನ ಆಯಿಲ್ಲೇ ಇತ್ತು. ಐದು ವರ್ಷ ಸರ್ವಿಸ್ ಆಗಿತ್ತು, ಅದೊಂದನ್ನ ಯಾರೂ ಮುಟ್ಟಿರಲಿಲ್ಲ.

ಅಂಗಳದಾಗೆ ಕಾರು ಎತ್ತಿ, ಕೆಳಗೆ ಕಟ್ಟಿಗೆ ದಿಮ್ಮಿ ಕೊಟ್ಟು, ಹುಡುಗನ್ನ ಒಳಗೆ ಕೂಡಿಸಿದೆ. ನಾನು ಚಕ್ರದ ಹತ್ತಿರ ನಿಪ್ಪಲ್ ಸಡಿಲ ಮಾಡೋದು, "ತುಳಿ" ಅನ್ನೋದು. ಅವನು ತುಳಿದು ಹಿಡಿಯೋದು. ನಾನು ಬಿಗಿ ಮಾಡಿ "ಬಿಡು" ಅನ್ನೋದು. ಪೈಪಿನಾಗೆ ಬಂದ ಆಯಿಲ್ ಕಾಸಿ ಕಾಸಿ ಕರಗಾದ ಚಹಾದಂಗಿತ್ತು. ಯಾವ ಚಕ್ರ ಮೊದಲು ಅನ್ನೋದು ಕಾರಿಂದ ಕಾರಿಗೆ ಬೇರೆ, ಪುಸ್ತಕ ನೋಡಿ ಮಾಡಿ. ಮೇಲಿನ ಡಬ್ಬಿ ಖಾಲಿ ಆಗೋಕೆ ಬಿಡಬೇಡಿ, ಗಾಳಿ ಎಳ್ಕೊಂಡ್ರೆ ಮೊದಲಿಂದ ಶುರು. ಒಂದು ಲೀಟರ್ ಡಾಟ್ 4 ಹಾಕಿ, ಹೊಸದರ ಬಣ್ಣ ಬರೋವರೆಗೆ ನಾಲ್ಕೂ ಚಕ್ರಕ್ಕೆ ಮಾಡಿದ್ವಿ. ಎರಡು ತಾಸಿನ ಕೆಲಸ. ಮುಗಿದ ಮೇಲೆ ಅವನು ಪೆಡಲ್ ಒತ್ತಿ, "ಇದು ಬೇರೇನೇ ಕಾರು ಚಿಕ್ಕಪ್ಪ" ಅಂದ.

ಮುಂದಿನ ಪ್ಯಾಡ್ ಅರ್ಧಕ್ಕಿಂತ ಸ್ವಲ್ಪ ಕಮ್ಮಿ ಉಳಿದಿದ್ವು. ರಸ್ತೆಗೆ ಇನ್ನೂ ಒಂದು ವರ್ಷ ಬರ್ತಿದ್ವು. ಆದ್ರೆ ತೆಳು ಪ್ಯಾಡ್ ಶಾಖವನ್ನ ಬೇಗ ಹಿಂದಕ್ಕೆ ಆಯಿಲ್‌ಗೆ ದಾಟಿಸ್ತದೆ, ಅದಕ್ಕೆ ಹೊಸವು ಹಾಕಿಸಿದ್ವಿ. ಹಳೇವನ್ನ ಎಸೀಲಿಲ್ಲ, ಚೀಲದಾಗೆ ಕಟ್ಟಿ ಜೊತೆಗೆ ಇಟ್ಕೊಂಡ್ವಿ. ಹೊಸ ಪ್ಯಾಡನ್ನ ಸೀದಾ ಟ್ರ್ಯಾಕಿಗೆ ಒಯ್ಯಬಾರದು. ಕೂಡ್ಲಿಗಿಗೆ ನಾಲ್ಕು ದಿನ ಓಡಾಡಿ ಡಿಸ್ಕಿಗೆ ಹೊಂದಿಸಿದ್ವಿ.

ಟಯರಿಗೆ ಬರ್ತೀನಿ. ಪಕ್ಕದಾಗೆ ನಾಲ್ಕು ಅಂಕಿ ಒತ್ತಿರ್ತಾರೆ. 2319 ಅಂತಿದ್ರೆ 2019ರ 23ನೇ ವಾರ ತಯಾರಾದ್ದು ಅಂತ. ಹಳೇ ಟ್ರೇಲರ್ ಟಯರ್ ಕೊಳ್ಳುವಾಗಲೂ ಇದನ್ನ ನೋಡಿ. ಅಂಗಡಿಯೋನು ಹೇಳೋ ವಯಸ್ಸಿಗೂ ಅಂಕಿ ಹೇಳೋ ವಯಸ್ಸಿಗೂ ಬಾಳ ಸಲ ತಾಳೆ ಆಗಲ್ಲ. ಪಕ್ಕ ಉಬ್ಬು, ಸೀಳು, ಮೊಳೆ, ಎಲ್ಲಾ ಕೈಯಾಡಿಸಿ ನೋಡಿದ್ವಿ. ಗಾಳಿ ಕಾದಂಗೆ ಹಿಗ್ತದೆ: ಬೆಳಿಗ್ಗೆ 30 ಡಿಗ್ರಿಯಾಗೆ 30 ಪಾಯಿಂಟ್ ಹಾಕಿದ ಟಯರು ಒಳಗೆ 80 ಡಿಗ್ರಿ ಕಾದ್ರೆ 37ರ ಹತ್ತಿರ ತೋರಿಸ್ತದೆ. ಅದಕ್ಕೆ ಅಲ್ಲಿ ಪ್ರತಿ ಸರದಿ ಆದ ಮೇಲೆ ಅಳೆದು ಕಮ್ಮಿ ಮಾಡ್ತಾರೆ. ಕಮ್ಮಿ ಮಾಡಿದ್ದನ್ನ ಮನೆಗೆ ಹೊರಡೋ ಮುಂಚೆ ಮತ್ತೆ ತುಂಬಿಸಲೇಬೇಕು, ಇಲ್ಲಾಂದ್ರೆ ಹೆದ್ದಾರಿಯಾಗೆ ಟಯರ್ ಪಕ್ಕ ಕಾದು ಸಿಡೀತದೆ. ಒಂದು ಗಾಳಿ ಮೀಟರ್ ಮತ್ತು ಕಾಲಿನ ಪಂಪು ಡಿಕ್ಕಿಯಾಗೆ ಇಟ್ಟಿದ್ವಿ.

ವೀಲ್ ನಟ್ಟಿನ ಬಗ್ಗೆ ಒಂದು ಮಾತು. ಕಾಲಿಂದ ಪಾನಾ ತುಳಿದು ಬಿಗಿ ಮಾಡೋ ಚಾಳಿ ನಮಗೆಲ್ಲಾ ಐತೆ. ಅದು ಕಾರಿನ ಬೋಲ್ಟಿಗೆ ಹೆಚ್ಚಾಗ್ತದೆ, ಎಳೆ ಸವೀತದೆ. ಎಷ್ಟು ಬಿಗಿ ಅಂತ ಪುಸ್ತಕದಾಗೆ ನ್ಯೂಟನ್ ಮೀಟರ್ ಲೆಕ್ಕದಾಗೆ ಕೊಟ್ಟಿರ್ತಾರೆ. 100 ನ್ಯೂಟನ್ ಮೀಟರ್ ಅಂದ್ರೆ ಒಂದು ಮೀಟರ್ ರಾಡಿನ ತುದಿಗೆ 10 ಕೆ.ಜಿ. ಕಲ್ಲು ತೂಗುಬಿಟ್ಟಷ್ಟು. ಅಳತೆ ತೋರಿಸೋ ಪಾನಾ ಒಂದನ್ನ ಗೆಳೆಯನ ಗ್ಯಾರೇಜಿಂದ ತಂದು, ಎದುರುಬದುರು ನಟ್ಟು ಒಂದಾದ ಮೇಲೊಂದು ಬಿಗಿ ಮಾಡಿದ್ವಿ.

ಎಂಜಿನ್ ಆಯಿಲ್, ಫಿಲ್ಟರ್ ಹೊಸದು. ಅಳತೆ ಕಡ್ಡಿಯಾಗೆ ಮೇಲಿನ ಗುರುತಿನವರೆಗೆ, ಅದನ್ನ ದಾಟದಂಗೆ. ಉದ್ದ ತಿರುವಿನಾಗೆ ಆಯಿಲ್ ಒಂದು ಕಡೆ ಸರೀತದೆ, ಕಮ್ಮಿ ಇದ್ರೆ ಪಂಪು ಗಾಳಿ ಎಳೀತದೆ, ಬೇರಿಂಗ್ ಒಣಗ್ತದೆ. ಪೆಟ್ರೋಲಿಗೂ ಇದೇ ಮಾತು, ಅರ್ಧ ಟ್ಯಾಂಕಿನ ಮೇಲೆ ಇರಬೇಕು. ರೇಡಿಯೇಟರ್ ಮುಂದೆ ನೋಡಿದ್ರೆ ನಮ್ಮೂರ ಕೆಂಪು ಧೂಳು, ಮೆಕ್ಕೆಜೋಳದ ಹೊಟ್ಟು. ರಾಶಿ ಮಷಿನ್ ಓಡಿಸುವಾಗ ಟ್ರ್ಯಾಕ್ಟರ್ ರೇಡಿಯೇಟರ್ ಹೆಂಗೆ ಕಟ್ತದೋ ಹಂಗೆ. ಮೆತ್ತಗೆ ನೀರು ಬಿಟ್ಟು ತೊಳೆದ್ವಿ. ಬ್ಯಾಟರಿ ಕ್ಲಾಂಪು ಸಡಿಲ ಇತ್ತು, ಬಿಗಿ ಮಾಡಿದ್ವಿ.

ಕೊನೆಗೆ ಒಳಗಿನ ಸಾಮಾನು. ನೀರಿನ ಬಾಟಲಿ ಒಂದು ಉರುಳಿ ಬ್ರೇಕ್ ಪೆಡಲ್ ಕೆಳಗೆ ಹೋದ್ರೆ ಮುಗೀತು. ಮ್ಯಾಟು, ಛತ್ರಿ, ಅವ್ವನ ಎಲೆಡಿಕೆ ಡಬ್ಬಿ, ಎಲ್ಲಾ ತೆಗೀಬೇಕು. ಡ್ಯಾಶ್‌ಬೋರ್ಡ್ ಮೇಲೆ ಕೊಟ್ಟೂರೇಶ್ವರನ ಸಣ್ಣ ಮೂರ್ತಿ ಅಂಟಿಸಿದ್ದು, ಬಿಸಿಲಿಗೆ ಅಂಟು ಸಡಿಲ ಆಗಿತ್ತು. ಅದನ್ನೂ ತೆಗೀಬೇಕು ಅಂದಾಗ ಅವ್ವ ಒಪ್ಪಲಿಲ್ಲ. "ಅಂಥ ಜಾಗಕ್ಕೆ ಹೋಗುವಾಗ್ಲೇ ದೇವರನ್ನ ಇಳಿಸ್ತೀರೇನೋ?" ಅಂದ್ಲು. ಜೋರು ಬ್ರೇಕ್ ಹಾಕಿದ್ರೆ ಮೂರ್ತಿ ಹಾರಿ ಮುಖಕ್ಕೆ ಬಡೀತದೆ ಅಂತ ಹುಡುಗ ವಿವರಿಸಿದ. ಸ್ವಲ್ಪ ಹೊತ್ತು ಯೋಚನೆ ಮಾಡಿ ಅವ್ವ ತಾನೇ ಮೂರ್ತಿ ತೆಗೆದು, ಸೆರಗಿನಾಗೆ ಒರೆಸಿ, ನನ್ನ ಅಂಗಿ ಜೇಬಿಗೆ ಹಾಕಿದ್ಲು. "ನೀನು ಹೊರಗೆ ನಿಂತಿರ್ತೀಯಲ್ಲ, ನಿನ್ನ ಹತ್ರ ಇರಲಿ."

ಎಲ್ಲಾ ಸೇರಿ ಖರ್ಚು ಹತ್ತು ಸಾವಿರದೊಳಗೆ. ಟ್ರ್ಯಾಕಿನ ಶುಲ್ಕ, ಪೆಟ್ರೋಲು ಬೇರೆ.

ಶನಿವಾರ ಬೆಳಿಗ್ಗೆ ಏಳಕ್ಕೆ ಟ್ರ್ಯಾಕ್ ಹತ್ತಿರ ಇದ್ವಿ. ಬಾನೆಟ್ ಎತ್ತಿಸಿ, ಚಕ್ರ ಅಲ್ಲಾಡಿಸಿ, ಬ್ಯಾಟರಿ ಹಿಡಿದು ನೋಡಿ, ಎಳೆಯೋ ಹುಕ್ಕು ಮುಂದೆ ಹಾಕಿಸಿ ತಪಾಸಣೆ ಮಾಡಿದ್ರು. ಆಮೇಲೆ ಬಾವುಟದ ಪಾಠ: ಹಳದಿ ಅಂದ್ರೆ ಮುಂದೆ ಅಪಾಯ, ನಿಧಾನ, ಕೆಂಪು ಅಂದ್ರೆ ಸರದಿ ನಿಲ್ತು, ಹುಷಾರಾಗಿ ಒಳಗೆ ಬಾ, ನೀಲಿ ಅಂದ್ರೆ ಹಿಂದೆ ಜೋರಿನ ಕಾರು ಬರ್ತೈತೆ, ಕಪ್ಪು ತೋರಿಸಿ ನಿನ್ನ ನಂಬರ್ ಹಿಡಿದ್ರೆ ನೀನೇ ಒಳಗೆ ಬಾ. ಉದ್ದ ತೋಳಿನ ಹತ್ತಿ ಅಂಗಿ, ಕಟ್ಟೋ ಶೂ ಇಲ್ದೋರನ್ನ ಬಿಡಲಿಲ್ಲ.

ಮೊದಲ ಸರದಿ ದಾರಿ ಕಲಿಯೋದಕ್ಕೇ ಹೋಯ್ತು. ಎರಡನೇದ್ರಾಗೆ ಜೋರಾದ. ನಾನು ತಂತಿ ಬೇಲಿ ಹಿಂದೆ ನಿಂತು ಸುತ್ತು ಎಣಿಸ್ತಿದ್ದೆ. ನೇರ ದಾರಿಯ ಕೊನೆಗೆ ಕಾರಿನ ಮೂತಿ ನೆಲಕ್ಕೆ ಬಾಗೋದು ಕಾಣ್ತಿತ್ತು. ಒಂದು, ಎರಡು, ಮೂರು. ಆರನೇ ಸುತ್ತಿಗೆ ಕಾರು ಬರಲಿಲ್ಲ. ಒಂದು ನಿಮಿಷ ನನ್ನ ಕೈ ಜೇಬಿನ ಮೇಲೇ ಇತ್ತು. ನೋಡಿದ್ರೆ, ಇಂಡಿಕೇಟರ್ ಹಾಕ್ಕೊಂಡು, ಕಿಟಕಿಯಿಂದ ಕೈ ಎತ್ತಿ, ಮೆತ್ತಗೆ ಒಳಗೆ ಬರ್ತಿದ್ದ. ಸರದಿ ಮುಗಿಯೋಕೆ ಇನ್ನೂ ಐದು ನಿಮಿಷ ಇತ್ತು.

"ಪೆಡಲ್ ಸ್ವಲ್ಪ ಉದ್ದ ಆತು ಚಿಕ್ಕಪ್ಪ. ಇನ್ನೂ ನಿಲ್ತಿತ್ತು, ಆದ್ರೆ ಮೊದಲಿನಂಗೆ ಅಲ್ಲ. ಬಂದುಬಿಟ್ಟೆ."

ನಾನು ಏನೂ ಹೇಳಲಿಲ್ಲ. ಮುಂದಿನ ಚಕ್ರದ ಹತ್ತಿರ ಕೈ ಒಯ್ಯೋಕೆ ಆಗದಷ್ಟು ಕಾವು. ಹ್ಯಾಂಡ್‌ಬ್ರೇಕ್ ಎಳೀಬೇಡ ಅಂದೆ. ಕಾದ ಬ್ರೇಕನ್ನ ಎಳೆದು ಬಿಗಿ ಹಿಡಿಸಿದ್ರೆ ಅಲ್ಲೇ ಕಚ್ಕೊಂಡು ಕೂತೀತು. ಗೇರಿನಾಗೆ ಬಿಟ್ಟು, ಹಿಂದಿನ ಚಕ್ರಕ್ಕೆ ಒಂದು ಕಲ್ಲು ಕೊಟ್ಟ, ಟ್ರೇಲರಿಗೆ ಕೊಟ್ಟಂಗೆ. ಬಾನೆಟ್ ಎತ್ತಿ ಒಂದು ತಾಸು ಆರೋಕೆ ಬಿಟ್ವಿ. ಆರಿದ ಮೇಲೆ ಪೆಡಲ್ ತಿರುಗಿ ಗಟ್ಟಿ ಆಯ್ತು. ವೀಲ್ ನಟ್ಟು ಮತ್ತೆ ಅಳೆದಾಗ ಎರಡು ಒಂಚೂರು ತಿರುಗಿದ್ವು.

ಮೂರನೇ ಸರದಿಯಾಗೆ ನಾಲ್ಕು ಸುತ್ತು ಜೋರು, ಒಂದು ಸುತ್ತು ಬ್ರೇಕ್ ಮುಟ್ಟದಂಗೆ ತಣ್ಣಗೆ ಓಡಿಸಿ ಒಳಗೆ ಬಂದ. ನಾಲ್ಕನೇ ಸರದಿಗೆ ರೊಕ್ಕ ಕಟ್ಟಿತ್ತು, ಹೋಗಲಿಲ್ಲ. "ಪ್ಯಾಡು ಸೋಮವಾರಕ್ಕೆ ಬೇಕು" ಅಂದ. ಆ ಮಾತು ಅವನ ಬಾಯಿಂದ ಬಂತಲ್ಲ, ನನಗೆ ಶುಲ್ಕದ ರೊಕ್ಕ ಅಲ್ಲೇ ಹುಟ್ಟಿತು. ಅವತ್ತು ಬೇರೆ ಒಬ್ಬರ ಕಾರು ಟೋಯಿಂಗ್ ಗಾಡಿ ಮೇಲೆ ಹೋಯ್ತು. ರೇಸಿಗಿಂತ ಜೋರು ಸದ್ದು ಮಾಡ್ತಿದ್ದ ಕಾರದು.

ಹೊರಡೋ ಮುಂಚೆ ಟಯರಿಗೆ ಗಾಳಿ ತುಂಬಿಸಿ, ಆಯಿಲ್ ಕಡ್ಡಿ ನೋಡಿ, ನಟ್ಟು ಬಿಗಿ ಮಾಡಿ, ಭಾನುವಾರ ಸಂಜೆ ಊರು ಸೇರಿದ್ವಿ. ಅಣ್ಣ ಹೊರಗೆ ಬಂದು ಕಾರಿನ ಸುತ್ತ ಒಂದು ಸಲ ತಿರುಗಿ, ಬ್ಯಾಟರಿ ಹಾಕಿ ಚಕ್ರ ನೋಡಿ, "ಕೈಕಾಲು ತೊಳ್ಕೊಳ್ರಿ, ಊಟಕ್ಕೆ ಬರ್ರಿ" ಅಂದ. ಸೋಮವಾರ ಅವ್ವ ಬಳ್ಳಾರಿಗೆ ಹೋಗಿ ಬಂದ್ಲು.

ಈಗ ಎಲ್ಲರೂ ಕೇಳೋ ಪ್ರಶ್ನೆ: ಹುಡುಗ ಈಗ ನಿಧಾನ ಓಡಿಸ್ತಾನಾ? ಪೂರ್ತಿ ಬದಲಾದ ಅಂತ ಬರೆಯೋದಿಲ್ಲ. ಒಂದು ಮಾತ್ರ ಹೇಳಬಲ್ಲೆ. ಭಾನುವಾರ ಹೆದ್ದಾರಿಯಾಗೆ ಬರುವಾಗ ಅವನೇ ಲೆಕ್ಕ ಹೇಳಿದ. ಟ್ರ್ಯಾಕಿನಾಗೆ ತಿರುವಿಗೆ ಮುಂಚೆ ದೂರದ ಬೋರ್ಡ್ ಇರ್ತಾವೆ, ಎಲ್ಲಿ ಬ್ರೇಕ್ ಹಾಕಿದ್ರೆ ಎಲ್ಲಿ ನಿಲ್ತದೆ ಅಂತ ಕಣ್ಣಿಗೆ ಕಾಣ್ತದೆ. 100ರ ವೇಗದಾಗೆ ಒಂದು ಸೆಕೆಂಡಿಗೆ ಕಾರು 28 ಮೀಟರ್ ಹೋಗ್ತದೆ. ಕಾಲು ಬ್ರೇಕ್ ಮುಟ್ಟೋಕೆ ಒಂದು ಸೆಕೆಂಡು, ಆಮೇಲೆ ಒಳ್ಳೇ ಟಯರು, ಒಣ ರಸ್ತೆ ಇದ್ರೂ ನಿಲ್ಲೋಕೆ 40 ಮೀಟರ್ ಮೇಲೆ. ಒಟ್ಟು 70 ಹತ್ತಿರ. ರಾತ್ರಿ ಡಿಮ್ ಲೈಟಿನಾಗೆ ಮುಂದೆ ಕಾಣೋದು 50–60 ಮೀಟರ್. "ಅವನಿಗೆ ಟ್ರೇಲರ್ ಕಂಡಾಗ ಆಗ್ಲೇ ಮುಗಿದಿತ್ತು ಚಿಕ್ಕಪ್ಪ" ಅಂದ. ಆಮೇಲೆ ಬೆಂಗಳೂರು ಬರೋವರೆಗೂ ಇಬ್ಬರೂ ಮಾತಾಡಲಿಲ್ಲ. ಕತ್ತಲಾದ ಮೇಲೆ ಮುಳ್ಳು 70 ದಾಟಲಿಲ್ಲ.

ಈ ಲೆಕ್ಕದಾಗೆ ನಮ್ಮ ಪಾಲೂ ಐತೆ ಅನ್ನೋದನ್ನ ಒಕ್ಕಲಿಗರು ನಾವು ಒಪ್ಕೋಬೇಕು. ಟ್ರೇಲರ್ ನಮ್ಮದು. ಆ ವಾರಾನೇ ನಮ್ಮ ಟ್ರೇಲರಿನ ಹಿಂದೆ ಅಗಲಕ್ಕೂ ಕೆಂಪು ರಿಫ್ಲೆಕ್ಟರ್ ಪಟ್ಟಿ, ಎರಡೂ ಪಕ್ಕಕ್ಕೆ ಹಳದಿ ಪಟ್ಟಿ ಅಂಟಿಸಿದ್ವಿ. ಅಂಟಿಸಿದ್ದು ಹುಡುಗನೇ. ಹಿಂದಿನ ಲೈಟಿನ ವೈರು ಇಲಿ ಕಡಿದಿತ್ತು, ಅದನ್ನೂ ಸರಿ ಮಾಡಿದ. ರಸ್ತೆಗೆ ಇಳಿಯೋ ಮುಂಚೆ ಟ್ರ್ಯಾಕ್ಟರಿನ ಎಡ ಬಲ ಬ್ರೇಕ್ ಪೆಡಲ್ ಎರಡಕ್ಕೂ ಕೊಂಡಿ ಹಾಕಿ, ಇಲ್ಲಾಂದ್ರೆ ಒಂದೇ ಚಕ್ರ ಹಿಡಿದು ಗಾಡಿ ಮಗುಚ್ತದೆ. ಲೋಡು ತುಂಬಿದ ಟ್ರೇಲರ್ ಕೆಟ್ಟು ನಿಂತ್ರೆ ಡಾಂಬರು ಬಿಟ್ಟು ಪೂರ್ತಿ ಕೆಳಗೆ ಇಳಿಸಿ, ಹಿಂದೆ ದೂರದಾಗೆ ಹೊಳೆಯೋ ಏನಾದ್ರೂ ಇಡಿ. ಬರೇ ಕಲ್ಲು, ತಂಗಡಿ ಸೊಪ್ಪು ಇಟ್ರೆ ರಾತ್ರಿ ಕಾಣಲ್ಲ.

ಮೆಕ್ಕೆಜೋಳ ಮುರಿಯೋ ಕಾಲ ಬಂತು, ರಾತ್ರಿ ಲೋಡು ಶುರು ಆಗ್ತಾವೆ. ಪಟ್ಟಿ ಒಂದು ಸುರುಳಿ ತಂದಿಟ್ಟೀನಿ, ಇನ್ನೂ ಮುಕ್ಕಾಲು ಉಳಿದೈತೆ. ಗುಡೇಕೋಟೆ ಸುತ್ತಮುತ್ತಲೋರು ಯಾರಿಗೆ ಬೇಕೋ ಟ್ರೇಲರ್ ತಗೊಂಡು ನಮ್ಮ ಕಣಕ್ಕೆ ಬರ್ರಿ, ಹುಡುಗ ಊರಾಗೆ ಇರೋವಾಗ ಬಂದ್ರೆ ಅವನೇ ಅಂಟಿಸಿ ಕೊಡ್ತಾನೆ.